ಸೋಲಿನ ಕಾಲದ ಓಲೆಗಳು: ಬೆಂಗಳೂರು ಕಂಟೋನ್ಮೆಂಟಿನ ರೊನಾಲ್ಡ್ ರಾಸ್ ಮತ್ತು ಪ್ಯಾಟ್ರಿಕ್ ಮ್ಯಾನ್ಸನ್ ಪತ್ರವ್ಯವಹಾರದಲ್ಲಿ ಉತ್ತೇಜನದ ಸ್ಥಾನ

1. ಪ್ರಶ್ನೆ

ಹಿರಿಯರೊಬ್ಬರು ಬೆನ್ನು ತಟ್ಟಿ ಬರೆದ ಪತ್ರ ಒಬ್ಬ ಸಂಶೋಧಕನ ಕೆಲಸದಲ್ಲಿ ನಿಜಕ್ಕೂ ಏನು ಮಾಡುತ್ತದೆ? ಆತ್ಮಕಥೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ ಇಂಥ ಪತ್ರಗಳಿಗೆ ತುಂಬು ಗೌರವ ಸಲ್ಲುತ್ತದೆ. ವಿಜ್ಞಾನದ ಚರಿತ್ರೆಕಾರರು ಮಾತ್ರ ಸಾಮಾನ್ಯವಾಗಿ ಅವುಗಳಲ್ಲಿನ ಸಿದ್ಧಾಂತ, ಸೂಚನೆ, ಶಿಫಾರಸುಗಳನ್ನು ಆರಿಸಿಕೊಂಡು, ಮಿಕ್ಕ ಮಾತುಗಳನ್ನು ಸೌಜನ್ಯವೆಂದು ಬದಿಗಿಡುತ್ತಾರೆ. ಹಾಗೆ ಬದಿಗಿಟ್ಟ ಭಾಗದಲ್ಲೇ ಪತ್ರದ ಮುಖ್ಯ ಫಲ ಇರಬಹುದು ಎಂಬುದು ಈ ಲೇಖನದ ವಾದ. ಇದಕ್ಕೆ ಆಧಾರವಾಗಿ ತೆಗೆದುಕೊಂಡಿರುವುದು 1895ರ ಸೆಪ್ಟೆಂಬರಿನಿಂದ 1897ರ ಆರಂಭದವರೆಗೆ ಬೆಂಗಳೂರು ಕಂಟೋನ್ಮೆಂಟಿನಲ್ಲಿ ಕೆಲಸ ಮಾಡಿದ ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತು ಲಂಡನ್ನಿನಲ್ಲಿದ್ದ ಅವರ ಗುರು ಪ್ಯಾಟ್ರಿಕ್ ಮ್ಯಾನ್ಸನ್ ಅವರ ಪತ್ರವ್ಯವಹಾರ.

ಮಲೇರಿಯಾ ಚರಿತ್ರೆಯ ಗ್ರಂಥಗಳು ಈ ಅವಧಿಯನ್ನು ಒಂದೆರಡು ಪುಟಗಳಲ್ಲಿ ದಾಟಿಬಿಡುತ್ತವೆ. ಮೊದಲಿನ ಸಿಕಂದರಾಬಾದಿನ ಉತ್ಸಾಹಕ್ಕೂ 1897ರ ಆಗಸ್ಟ್ 20ರಂದು ಸೊಳ್ಳೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡ ಶೋಧಕ್ಕೂ ನಡುವೆ ಬಿದ್ದ ಬರಡು ಕಾಲವೆಂದು ಇದನ್ನು ಬಗೆಯಲಾಗಿದೆ. ಉತ್ತೇಜನದ ಬೆಲೆ ತಿಳಿಯಬೇಕಾದರೆ ಇಂಥ ಬರಡು ಕಾಲವನ್ನೇ ನೋಡಬೇಕು. ಗೆಲುವಿನ ದಿನಗಳಲ್ಲಿ ಕೆಲಸವನ್ನು ಮುಂದಕ್ಕೆ ಒಯ್ಯುವ ಶಕ್ತಿಗಳು ಹಲವಿರುತ್ತವೆ. ಅವುಗಳಲ್ಲಿ ಪತ್ರದ ಪಾಲೆಷ್ಟೆಂದು ಬಿಡಿಸಿ ಹೇಳಲಾಗದು.

2. ಒಪ್ಪಿತ ಸಂಗತಿಗಳು

ವಿವಾದವಿಲ್ಲದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ರಾಸ್ 1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಫ್ರೆಂಚ್ ಸೇನಾವೈದ್ಯ ಲ್ಯಾವರಾನ್ 1880ರಲ್ಲೇ ಅಲ್ಜೀರಿಯಾದಲ್ಲಿ ಮಲೇರಿಯಾ ರೋಗಿಯ ರಕ್ತದಲ್ಲಿ ಪರಾವಲಂಬಿ ಜೀವಿಯನ್ನು ಕಂಡಿದ್ದರು. ರಾಸ್ ಬಹುಕಾಲ ಅದನ್ನು ನಂಬಿರಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಮ್ಯಾನ್ಸನ್ ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ ನಂಬಿಸಿದರು. ಆನೆಕಾಲು ರೋಗದ ಫೈಲೇರಿಯಾ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು 1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿ ಕಂಡವರು ಇದೇ ಮ್ಯಾನ್ಸನ್. ಮಲೇರಿಯಾವೂ ಸೊಳ್ಳೆಯ ಮೂಲಕವೇ ಬರುತ್ತಿರಬಹುದೆಂಬ ಊಹೆಯನ್ನು ಅವರು 1894ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು.

ರಾಸ್ 1895ರ ಮಾರ್ಚಿನಲ್ಲಿ ಭಾರತಕ್ಕೆ ಹೊರಟು ಸಿಕಂದರಾಬಾದಿನಲ್ಲಿ ಕೆಲಸ ಆರಂಭಿಸಿದರು. ಸೆಪ್ಟೆಂಬರಿನಲ್ಲಿ ಕಾಲರಾ ತಡೆಯುವ ವಿಶೇಷ ಕೆಲಸಕ್ಕೆ ಅವರನ್ನು ಬೆಂಗಳೂರಿಗೆ ಕಳುಹಿಸಲಾಯಿತು. 1897ರ ಏಪ್ರಿಲ್ ಹೊತ್ತಿಗೆ ಊಟಿಯ ಕಡೆಗೆ ಹೋಗಿ, ಸೀಗೂರು ಘಾಟಿಯಲ್ಲಿ ತಾವೇ ಮಲೇರಿಯಾಕ್ಕೆ ತುತ್ತಾದರು. ಜೂನ್‌ನಲ್ಲಿ ಸಿಕಂದರಾಬಾದಿಗೆ ಮರಳಿದರು. ಆಗಸ್ಟ್ 20ರಂದು, ಹುಸೇನ್ ಖಾನ್ ಎಂಬ ರೋಗಿಯ ರಕ್ತ ಕುಡಿದಿದ್ದ ಚುಕ್ಕೆ ರೆಕ್ಕೆಯ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯ ಕೋಶಗಳು ಕಂಡವು. 1898ರ ಜುಲೈಯಲ್ಲಿ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾದ ಜೀವಿ ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಸೇರಿ ಕಚ್ಚುವಿಕೆಯಿಂದ ಹರಡುವುದನ್ನು ತೋರಿಸಿದರು. ಆ ತಿಂಗಳ ಕೊನೆಗೆ ಎಡಿನ್‌ಬರೋದಲ್ಲಿ ಸೇರಿದ್ದ ವೈದ್ಯರ ಸಭೆಗೆ ಮ್ಯಾನ್ಸನ್ ಈ ಸುದ್ದಿಯನ್ನು ತಿಳಿಸಿದರು. 1902ರಲ್ಲಿ ರಾಸ್‌ಗೆ ನೊಬೆಲ್ ಬಹುಮಾನ ಬಂತು. ಈ ವರ್ಷಗಳುದ್ದಕ್ಕೂ ಇಬ್ಬರೂ ಬರೆದುಕೊಂಡ ಪತ್ರಗಳನ್ನು ವಿಲಿಯಂ ಬೈನಮ್ ಮತ್ತು ಕ್ಯಾರೊಲಿನ್ ಓವರಿ 1998ರಲ್ಲಿ ಸಂಪಾದಿಸಿ ಪ್ರಕಟಿಸಿದ್ದಾರೆ.

3. ಹಿಂದಿನ ಮೂರು ನಿಲುವುಗಳು

ಮ್ಯಾನ್ಸನ್ ಪತ್ರಗಳಿಂದ ರಾಸ್‌ಗೆ ಏನು ದಕ್ಕಿತು ಎಂಬ ಬಗ್ಗೆ ಮೂರು ನಿಲುವುಗಳಿವೆ. ಮ್ಯಾನ್ಸನ್ ಅವರ ಅಳಿಯ ಫಿಲಿಪ್ ಮ್ಯಾನ್ಸನ್-ಬಾರ್ ಮತ್ತು ಆಲ್ಕಾಕ್ 1927ರಲ್ಲಿ ಬರೆದ ಜೀವನಚರಿತ್ರೆಯಲ್ಲಿ ಮ್ಯಾನ್ಸನ್ ದಾರಿ ತೋರಿದ ಗುರು. ಆ ನೋಟದಲ್ಲಿ ಪತ್ರಗಳು ಮಾರ್ಗದರ್ಶನದ ಸಾಧನ. ಇದರಿಂದ ನೊಂದ ರಾಸ್ 1930ರಲ್ಲಿ ಮ್ಯಾನ್ಸನ್ ನೆನಪುಗಳ ಹೆಸರಿನಲ್ಲೇ ಒಂದು ಕಿರುಹೊತ್ತಿಗೆ ಹೊರತಂದು ಗುರುವಿನ ಪಾಲನ್ನು ತಗ್ಗಿಸಿದರು. ಡಗ್ಲಸ್ ಹೇನ್ಸ್ 2001ರ ತಮ್ಮ ಗ್ರಂಥದಲ್ಲಿ ಸಾಮ್ರಾಜ್ಯದ ಕೇಂದ್ರ ಮತ್ತು ಅಂಚುಗಳ ಸಂಬಂಧದ ಬೆಳಕಿನಲ್ಲಿ ಮ್ಯಾನ್ಸನ್ ಅವರನ್ನು ಓದಿದರು. ಆ ಓದಿನಲ್ಲಿ ಪತ್ರಗಳಿಗಿಂತ ಅವುಗಳ ಹಿಂದಿದ್ದ ಲಂಡನ್ನಿನ ಪ್ರಭಾವ ಮತ್ತು ಆಶ್ರಯ ಮುಖ್ಯವಾಗುತ್ತದೆ. ಈಲೈ ಚೆರ್ನಿನ್, ಜೀನ್ ಗಿಲ್ಲೆಮಿನ್ ಮೊದಲಾದವರು ಇಬ್ಬರ ಮುಂದಿನ ವೈಮನಸ್ಸನ್ನು ಬಿಡಿಸಿ ತೋರಿಸಿದ್ದಾರೆ. ಆ ಭಾಗದಲ್ಲಿ ಈ ಲೇಖನಕ್ಕೆ ಭಿನ್ನಾಭಿಪ್ರಾಯವಿಲ್ಲ.

ಸಿದ್ಧಾಂತ, ಶೂನ್ಯ, ಆಶ್ರಯ ಎಂಬ ಈ ಮೂರು ಉತ್ತರಗಳಲ್ಲಿ ಉತ್ತೇಜನಕ್ಕೆ ತನ್ನದೇ ಆದ ಜಾಗವಿಲ್ಲ. ಮೊದಲ ಮತ್ತು ಮೂರನೆಯ ನಿಲುವುಗಳಲ್ಲಿ ಅದು ಬೇರೊಂದರ ಹೊರಕವಚ. ಎರಡನೆಯದರಲ್ಲಿ ಅದರ ಮಾತೇ ಇಲ್ಲ. ಬೆಂಗಳೂರಿನ ಅವಧಿಗೆ ಈ ಮೂರೂ ಒಪ್ಪುವುದಿಲ್ಲವೆಂದು ಮುಂದೆ ತೋರಿಸಲಾಗಿದೆ.

4. ಬೆಂಗಳೂರಿನ ಸಾಕ್ಷ್ಯ

ಮೊದಲು ಸಿದ್ಧಾಂತ. ಮ್ಯಾನ್ಸನ್ ಮುಂದಿಟ್ಟ ಊಹೆಯಲ್ಲಿ ಸೊಳ್ಳೆ ರೋಗಿಯ ರಕ್ತ ಹೀರುವುದರವರೆಗೆ ಸರಿಯಿತ್ತು. ಅಲ್ಲಿಂದಾಚೆ ದಾರಿ ತಪ್ಪಿತ್ತು. ಸೊಳ್ಳೆ ಕೆಲವೇ ದಿನ ಬದುಕಿ, ನೀರಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ, ಅದರ ದೇಹದಿಂದ ನೀರಿಗೆ ಬಿಡುಗಡೆಯಾದ ಜೀವಿಯನ್ನು ಮನುಷ್ಯ ಕುಡಿಯುತ್ತಾನೆ ಎಂದು ಅವರು ಭಾವಿಸಿದ್ದರು. ಈ ನಂಬಿಕೆಯಲ್ಲೇ ರಾಸ್ 1895ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆ ಸತ್ತ ನೀರನ್ನು ಒಪ್ಪಿದವರಿಗೆ ಕುಡಿಸಿ ನೋಡಿದ್ದರು. ಲಚ್ಮನ್ ಎಂಬವರಿಗೆ ಕೆಲ ದಿನಗಳ ಮೇಲೆ ಒಮ್ಮೆ ಜ್ವರ ಬಂತು. ಮುಂದಿನ ಪ್ರಯತ್ನಗಳು ಅದನ್ನು ಸಮರ್ಥಿಸಲಿಲ್ಲ. ಹೀಗಾಗಿ ಬೆಂಗಳೂರಿಗೆ ಬರುವಾಗ ರಾಸ್ ಕೈಯಲ್ಲಿದ್ದದ್ದು ಅರ್ಧ ಸರಿ, ಅರ್ಧ ತಪ್ಪಾದ ನಕ್ಷೆ.

ಆ ನಕ್ಷೆಯನ್ನು ತಿದ್ದುವ ಮಾತು ಮೂಡಿದ್ದು ಕಂಟೋನ್ಮೆಂಟಿನಲ್ಲೇ. 1896ರಲ್ಲಿ ಬೆಂಗಳೂರಿನಿಂದ ಮ್ಯಾನ್ಸನ್‌ಗೆ ಬರೆದ ಪತ್ರದಲ್ಲಿ, ರೋಗ ಸೊಳ್ಳೆಯ ಕಡಿತದಿಂದಲೇ ಹರಡುತ್ತದೆಂಬ ನಂಬಿಕೆ ತಮ್ಮಲ್ಲಿ ಬೆಳೆಯುತ್ತಿದೆ, ಕಚ್ಚುವಾಗ ಸೊಳ್ಳೆ ಒಂದಿಷ್ಟು ದ್ರವವನ್ನು ಒಳಗೆ ಬಿಡುತ್ತದಲ್ಲ, ಜೀವಿ ಆ ದಾರಿಯಲ್ಲೇ ದೇಹ ಸೇರಬಹುದಲ್ಲ ಎಂಬ ಅರ್ಥದ ಮಾತನ್ನು ರಾಸ್ ಬರೆದರು. ಕಡಿತದ ಊಹೆ ತೀರಾ ಹೊಸದೇನಲ್ಲ. ಅಮೆರಿಕದ ಆಲ್ಬರ್ಟ್ ಕಿಂಗ್ 1883ರಲ್ಲೇ ಅದನ್ನು ಪ್ರಕಟಿಸಿದ್ದರು. ಆದರೆ ಮ್ಯಾನ್ಸನ್ ಅವರ ಮುದ್ರಿತ ಊಹೆಯಲ್ಲಿ ಅದು ಇರಲಿಲ್ಲ. ಶಿಷ್ಯ ತನ್ನ ಗುರುವಿಗೆ ಗುರುವಿನ ಊಹೆಯಿಂದ ದೂರ ಸರಿಯುವ ಮಾತನ್ನು ಬರೆದದ್ದು ಇಲ್ಲಿ ಗಮನಿಸಬೇಕಾದ ಅಂಶ.

ಊಹೆಯನ್ನು ಪರೀಕ್ಷಿಸಲು ಮೈ ಒಡ್ಡಿದವರು ಬೌರಿಂಗ್ ಸಿವಿಲ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನ್ ಅಪ್ಪಯ್ಯ. ರಾಸ್ ಬರಹಗಳಲ್ಲಿ ಆಪಿಯಾ ಎಂದಿರುವವರು. ಕಮಿಷನರ್ ಲೂಯಿನ್ ಬೌರಿಂಗ್ ಹೆಸರಿನ ಈ ಆಸ್ಪತ್ರೆ ಶಿವಾಜಿನಗರದಲ್ಲಿ ಇಂದಿಗೂ ಇದೆ. ಮಲೇರಿಯಾ ರೋಗಿಗಳ ರಕ್ತ ಕುಡಿದ ಸೊಳ್ಳೆಗಳಿಂದ ಅಪ್ಪಯ್ಯ ತಾವಾಗಿ ಕಚ್ಚಿಸಿಕೊಂಡರು. ಜ್ವರ ಬರಲಿಲ್ಲ. ಕಾರಣ ಈಗ ಗೊತ್ತಿದೆ: ರಾಸ್ ಬಳಸುತ್ತಿದ್ದವು ಬೂದು ಬಣ್ಣದ ಮತ್ತು ಪಟ್ಟೆಪಟ್ಟೆಯ ಸೊಳ್ಳೆಗಳು, ಎಂದರೆ ಕ್ಯೂಲೆಕ್ಸ್ ಮತ್ತು ಈಡಿಸ್ ಜಾತಿಯವು. ಮನುಷ್ಯನ ಮಲೇರಿಯಾ ಒಯ್ಯುವುದು ಅನಾಫಿಲಿಸ್ ಮಾತ್ರ. ಪ್ರಶ್ನೆ ಸರಿಯಾಗಿದ್ದರೂ ಸೊಳ್ಳೆ ತಪ್ಪಾಗಿದ್ದರಿಂದ ಉತ್ತರ ಸುಳ್ಳಾಯಿತು. ಸಂಶೋಧಕನನ್ನು ಎದೆಗುಂದಿಸಲು ಇಂಥ ಫಲಕ್ಕಿಂತ ಬೇರೆ ಬೇಕಿಲ್ಲ. ತಪ್ಪು ಎಲ್ಲಿದೆಯೆಂಬ ಸುಳಿವನ್ನೇ ಅದು ಕೊಡುವುದಿಲ್ಲ.

ಇನ್ನು ಆಶ್ರಯ. ಬೆಂಗಳೂರಿನಲ್ಲಿ ರಾಸ್ ಹಗಲಿನ ಕೆಲಸ ಚರಂಡಿ, ಬಾವಿ, ಕಸದ ವಿಲೇವಾರಿಗಳದ್ದು. 1896ರಲ್ಲಿ ಅವರ ಹೆಸರಿನಲ್ಲಿ ಹೊರಬಂದದ್ದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಾಲರಾ ಮತ್ತು ನೈರ್ಮಲ್ಯದ ವರದಿ. ಮಲೇರಿಯಾಕ್ಕೆ ಉಳಿಯುತ್ತಿದ್ದದ್ದು ಬಿಡುವಿನ ವೇಳೆ. ತಮ್ಮ ಶಿಷ್ಯನನ್ನು ಪೂರ್ಣವಾಗಿ ಸಂಶೋಧನೆಗೇ ಬಿಡಿಸಿಕೊಡುವಂತೆ ಮ್ಯಾನ್ಸನ್ ಲಂಡನ್ನಿನಲ್ಲಿ ಓಡಾಡಿದ್ದು ನಿಜ. ಆದರೆ ಅದರ ಫಲವಾದ ಕಲ್ಕತ್ತೆಯ ನಿಯೋಜನೆ ದೊರೆತದ್ದು 1898ರ ಆರಂಭದಲ್ಲಿ. ಮ್ಯಾನ್ಸನ್ ವಸಾಹತು ಕಚೇರಿಯ ವೈದ್ಯಕೀಯ ಸಲಹೆಗಾರರಾದದ್ದು ಕೂಡ 1897ರಲ್ಲಿ, ಅದೂ ಭಾರತದ ಆಡಳಿತಕ್ಕೆ ಸಂಬಂಧವಿಲ್ಲದ ಇಲಾಖೆಯಲ್ಲಿ. 1896ರ ಬೆಂಗಳೂರಿನಲ್ಲಿ ನಿಂತು ನೋಡಿದರೆ ಆ ಪತ್ರಗಳ ಬೆನ್ನಿಗೆ ಹುದ್ದೆಯಾಗಲಿ ವರ್ಗಾವಣೆಯಾಗಲಿ ಇರಲಿಲ್ಲ. ಹೇನ್ಸ್ ಅವರ ಆಶ್ರಯದ ವಿವರಣೆ 1898ಕ್ಕೆ ಚೆನ್ನಾಗಿ ಹೊಂದುತ್ತದೆ, 1896ಕ್ಕೆ ಹೊಂದುವುದಿಲ್ಲ.

ಸಿದ್ಧಾಂತ ಕೈಕೊಟ್ಟಿತ್ತು, ಆಶ್ರಯ ಬಂದಿರಲಿಲ್ಲ, ಪ್ರಯೋಗಗಳು ಸೋತಿದ್ದವು, ಸರ್ಕಾರಿ ಕೆಲಸ ಬೇರೆ ಇತ್ತು. ಆದರೂ ಕೆಲಸ ನಿಲ್ಲಲಿಲ್ಲ. ಆ ಹೊತ್ತಿನಲ್ಲಿ ಅಂಚೆ ತರುತ್ತಿದ್ದದ್ದೇನು? ಲಂಡನ್ನಿನಿಂದ ಹಡಗಿನಲ್ಲಿ ಮುಂಬಯಿ, ಅಲ್ಲಿಂದ ರೈಲಿನಲ್ಲಿ ಬೆಂಗಳೂರು; ಒಂದು ಪತ್ರಕ್ಕೆ ಸುಮಾರು ಮೂರು ವಾರ, ಉತ್ತರ ಕೈಸೇರಲು ಹೆಚ್ಚುಕಡಿಮೆ ಒಂದೂವರೆ ತಿಂಗಳು. ಇಷ್ಟು ದೂರದಿಂದ ದಿನದಿನದ ಪ್ರಯೋಗಕ್ಕೆ ಸೂಚನೆ ಕೊಡುವುದು ಸಾಧ್ಯವೇ ಇರಲಿಲ್ಲ. ಪತ್ರ ಬರುವ ಹೊತ್ತಿಗೆ ಆ ಪ್ರಯೋಗ ಮುಗಿದಿರುತ್ತಿತ್ತು. ಮ್ಯಾನ್ಸನ್ ಪತ್ರಗಳ ಧಾಟಿಯೇ ಇದಕ್ಕೆ ಸಾಕ್ಷಿ. ಒಂದರಲ್ಲಿ ಅವರು ಈ ಹುಡುಕಾಟವನ್ನು ಕ್ರೈಸ್ತ ಪುರಾಣಕಥೆಯ ಪವಿತ್ರ ಪಾತ್ರೆಯ ಅನ್ವೇಷಣೆಗೆ ಹೋಲಿಸಿ, ರಾಸ್ ಅವರನ್ನು ಅದರ ವೀರನಾಗಿ ಕಲ್ಪಿಸಿ, ದಾರಿ ಸರಿಯಾಗಿದೆ, ಏನೇ ಆದರೂ ಬಿಡಬೇಡಿ ಎಂದು ಒತ್ತಿ ಹೇಳುತ್ತಾರೆ. ಫ್ರೆಂಚರೂ ಇಟಾಲಿಯನ್ನರೂ ಮೊದಲು ಗೇಲಿ ಮಾಡಿ ಕೊನೆಗೆ ತಮ್ಮದೆನ್ನುತ್ತಾರೆಂದು ಎಚ್ಚರಿಸುವ ಮಾತೂ ಈ ಪತ್ರವ್ಯವಹಾರದಲ್ಲಿ ಬರುತ್ತದೆ. ಇವು ವಿಜ್ಞಾನದ ಸೂಚನೆಗಳಲ್ಲ. ಸಾವಿರಾರು ಮೈಲಿ ದೂರದಲ್ಲಿ ಒಬ್ಬರಾದರೂ ಈ ಕೆಲಸವನ್ನು ಕಾಯುತ್ತಿದ್ದಾರೆ, ಓದುತ್ತಿದ್ದಾರೆ ಎಂಬ ಭರವಸೆಯನ್ನು ಅವು ಹೊತ್ತು ತಂದವು.

ಹಾಗೆ ಓದುವವರಿದ್ದ ಕಾರಣಕ್ಕೇ ರಾಸ್ ಬರೆದರು. ಸೋತ ಪ್ರಯೋಗಗಳ ವಿವರಕ್ಕೆ ಪತ್ರಿಕೆಗಳಲ್ಲಿ ಸುಲಭವಾಗಿ ಜಾಗ ಸಿಗುತ್ತಿರಲಿಲ್ಲ. ಅರೆಬೆಂದ ಊಹೆಗಳನ್ನು ಯಾವ ಇಲಾಖೆಯೂ ಕೇಳುತ್ತಿರಲಿಲ್ಲ. ಮ್ಯಾನ್ಸನ್‌ಗೆ ಬರೆಯುವಾಗ ಅವೆರಡನ್ನೂ ನಿಸ್ಸಂಕೋಚವಾಗಿ ಬರೆಯಬಹುದಿತ್ತು. ರಾಸ್ ಅವರ ಕಡಿತದ ಊಹೆ ಮೊದಲು ಕಾಗದಕ್ಕೆ ಇಳಿದದ್ದು ಇಂಥ ಪತ್ರದಲ್ಲಿ ಎಂಬುದು ಆಕಸ್ಮಿಕವೆಂದು ತೋರುವುದಿಲ್ಲ.

5. ಒಂದು ಹೋಲಿಕೆ ಮತ್ತು ಅದರ ಮಿತಿಗಳು

ಈ ವಾದಕ್ಕೆ ಕಂಟೋನ್ಮೆಂಟಿನಲ್ಲೇ ಒಂದು ಹೋಲಿಕೆ ಸಿಗುತ್ತದೆ. 1883ರಲ್ಲಿ ರಾಸ್ ಇಲ್ಲಿ ಗ್ಯಾರಿಸನ್ ಸರ್ಜನ್ ಆಗಿ ಹಂಗಾಮಿಯಾಗಿ ಕೆಲಸ ಮಾಡುತ್ತಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೆಚ್ಚಾಗಿರುವುದನ್ನು ಕಂಡು ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ತುಂಬಿದ್ದವು. ತೊಟ್ಟಿ ಮಗುಚಿದರು, ಕಾಟ ತಗ್ಗಿತು. ಸುತ್ತಲಿನ ತೊಟ್ಟಿ, ಹೂದಾನಿಗಳಿಗೂ ಹೀಗೇ ಮಾಡೋಣವೆಂದು ಅಡ್ಜುಟೆಂಟ್‌ಗೆ ಹೇಳಿದಾಗ ಆತ ತಳ್ಳಿಹಾಕಿದರು: ಸೊಳ್ಳೆಯನ್ನು ಯಾವುದೋ ಉದ್ದೇಶಕ್ಕೆ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳುವುದೇ ಕರ್ತವ್ಯ ಎಂಬುದು ಉತ್ತರದ ಸಾರ. ರಾಸ್ ಇದನ್ನು 1923ರ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಒಂದೇ ಊರು, ಒಬ್ಬನೇ ವ್ಯಕ್ತಿ. 1883ರಲ್ಲಿ ಫಲಿಸಿದ ಪ್ರಯೋಗವಿತ್ತು, ಕೇಳುವವರಿರಲಿಲ್ಲ. ಅದು ಅಲ್ಲಿಗೇ ನಿಂತಿತು. 1896ರಲ್ಲಿ ಸೋತ ಪ್ರಯೋಗಗಳಿದ್ದವು, ಓದುವವರೊಬ್ಬರಿದ್ದರು, ಅದು ಮುಂದುವರಿಯಿತು. ಉತ್ತೇಜನದ ಪತ್ರಗಳಿಲ್ಲದಿದ್ದರೆ ಬೆಂಗಳೂರಿನ ಅವಧಿಯಲ್ಲೇ ರಾಸ್ ಅವರ ಮಲೇರಿಯಾ ಸಂಶೋಧನೆ ನಿಂತುಹೋಗುವ ಸಂಭವವಿತ್ತು ಎಂಬ ತೀರ್ಮಾನಕ್ಕೆ ಈ ಹೋಲಿಕೆ ಎಡೆಕೊಡುತ್ತದೆ.

ಈ ಲೇಖನದ ಅತ್ಯಂತ ದಿಟ್ಟ ಹೇಳಿಕೆ ಇದು. ಆದ್ದರಿಂದ ಇದರ ಮಿತಿಗಳನ್ನೂ ಬಿಡಿಸಿ ಹೇಳಬೇಕು. ಮೊದಲನೆಯದಾಗಿ, 1883ರಲ್ಲಿ ರಾಸ್ ಮಲೇರಿಯಾದ ಬೆನ್ನು ಹತ್ತಿರಲಿಲ್ಲ. ಅವರ ತಲೆಯಲ್ಲಿ ಆಗ ಸೊಳ್ಳೆ ಒಂದು ಕಿರಿಕಿರಿ ಮಾತ್ರ. ಎರಡು ಸಂದರ್ಭಗಳ ನಡುವಿನ ವ್ಯತ್ಯಾಸವನ್ನೆಲ್ಲ ಪತ್ರಕ್ಕೇ ಆರೋಪಿಸುವುದು ಸಲ್ಲದು. ಎರಡನೆಯದಾಗಿ, ರಾಸ್ ಹಟವಾದಿ, ಮಹತ್ವಾಕಾಂಕ್ಷಿ. ಆ ಸ್ವಭಾವವೇ ಅವರನ್ನು ಮುಂದಕ್ಕೆ ತಳ್ಳಿತೆಂದು ವಾದಿಸಬಹುದು. ಇದನ್ನು ನಿರಾಕರಿಸಲಾಗದು, ಆದರೆ ಅದೇ ಹಟ 1894ಕ್ಕೆ ಮೊದಲು ಅವರನ್ನು ಲ್ಯಾವರಾನ್ ಶೋಧವನ್ನು ಅಲ್ಲಗಳೆಯುವ ಕಡೆಗೂ ತಳ್ಳಿತ್ತು ಎಂಬುದನ್ನು ಮರೆಯಬಾರದು. ಮೂರನೆಯದಾಗಿ, ಬಂದಿರದ ಆಶ್ರಯದ ನಿರೀಕ್ಷೆಯೂ ಒಂದು ಪ್ರೇರಣೆಯೇ. ಉತ್ತೇಜನದಿಂದ ಅದನ್ನು ಸಂಪೂರ್ಣ ಬೇರ್ಪಡಿಸುವ ಸಾಧನ ನಮ್ಮಲ್ಲಿಲ್ಲ. ನಾಲ್ಕನೆಯದಾಗಿ, ಮ್ಯಾನ್ಸನ್ ಉತ್ತೇಜನ ನಿಸ್ವಾರ್ಥವಾಗಿರಲಿಲ್ಲ. ತಮ್ಮ ಊಹೆ ಸಾಬೀತಾಗಬೇಕೆಂಬ ಆಸೆ ಅವರಿಗಿತ್ತು. ಆ ಆಸೆ ಶಿಷ್ಯನನ್ನು ಕೆಲಕಾಲ ಕುಡಿಯುವ ನೀರಿನ ತಪ್ಪು ದಾರಿಯಲ್ಲೂ ಹಿಡಿದಿಟ್ಟಿತು.

ಈ ಕೊನೆಯ ಆಕ್ಷೇಪ ಗಟ್ಟಿಯಾದದ್ದು. ತಪ್ಪು ದಾರಿಯಲ್ಲಿರುವವನನ್ನು ಹುರಿದುಂಬಿಸಿದರೆ ಅವನು ಇನ್ನಷ್ಟು ದೂರ ತಪ್ಪಿ ಹೋಗಬಹುದು. ಆದರೆ ರಾಸ್ ವಿಷಯದಲ್ಲಿ ಹಾಗಾಗಲಿಲ್ಲ. ಪತ್ರಗಳು ಪ್ರಶ್ನೆಯ ಮೇಲಿನ ನಂಬಿಕೆಯನ್ನು ಕಾಪಾಡಿದವು. ಯಾವ ಉತ್ತರಕ್ಕೂ ಅವರನ್ನು ಕಟ್ಟಿಹಾಕಲಿಲ್ಲ. ಗುರುವಿನ ಊಹೆಯನ್ನು ಗುರುವಿಗೇ ಬರೆದು ಪ್ರಶ್ನಿಸುವಷ್ಟು ಸಲುಗೆ ಅವುಗಳಿಂದ ಒದಗಿತ್ತು. ಒಳ್ಳೆಯ ಉತ್ತೇಜನಕ್ಕೂ ಬರಿಯ ಹೊಗಳಿಕೆಗೂ ಇರುವ ಗೆರೆ ಇಲ್ಲೇ ಇದೆಯೆಂದು ನನ್ನ ಅಭಿಪ್ರಾಯ.

6. ಬೇರೆ ಕ್ಷೇತ್ರಗಳ ಬೆಂಬಲ

ಸೂಚನೆಯೂ ಆಶ್ರಯವೂ ಇಲ್ಲದ ಪತ್ರ ಪರಿಣಾಮ ಬೀರಬಲ್ಲದೆ ಎಂಬ ಪ್ರಶ್ನೆಗೆ ಮನೋವೈದ್ಯಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಪರೀಕ್ಷೆಯಿದೆ. ಜೆರೋಮ್ ಮೋಟೊ ಮತ್ತು ಅಲನ್ ಬಾಸ್ಟ್ರಮ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಚಿಕಿತ್ಸೆ ಮುಂದುವರಿಸಲೊಲ್ಲದ 843 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಐದು ವರ್ಷಗಳಲ್ಲಿ 24 ಚಿಕ್ಕ ಪತ್ರಗಳನ್ನು ಬರೆಯಲಾಯಿತು. ನೀವು ಚೆನ್ನಾಗಿರುವಿರೆಂದು ನಂಬಿದ್ದೇವೆ ಎಂಬ ಕಾಳಜಿಯ ಹೊರತು ಅವುಗಳಲ್ಲಿ ಸಲಹೆಯಾಗಲಿ ಬೇಡಿಕೆಯಾಗಲಿ ಇರಲಿಲ್ಲ. ಪತ್ರ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ, ವಿಶೇಷವಾಗಿ ಮೊದಲ ಎರಡು ವರ್ಷಗಳಲ್ಲಿ, ಕಡಿಮೆಯಿತ್ತು. ಆಮೇಲೆ ಬೇರೆ ಕಡೆ ನಡೆದ ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. ರೋಗಿಯ ಸಂಕಟವನ್ನೂ ಸಂಶೋಧಕನ ಸೋಲನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ. ಆದರೂ ‘ವಿಷಯವಿಲ್ಲದ’ ಪತ್ರ ನಿಷ್ಫಲವೆಂಬ ಊಹೆಯನ್ನು ಈ ಅಧ್ಯಯನ ಅಲುಗಿಸುತ್ತದೆ.

ಇಂಥ ಪತ್ರಗಳು ಏಕೆ ವಿರಳ ಎಂಬುದಕ್ಕೂ ಒಂದು ಉತ್ತರವಿದೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ತೋರಿಸಿದಂತೆ, ಕೃತಜ್ಞತೆಯ ಪತ್ರ ಬರೆಯುವವರು ಪಡೆಯುವವರ ಸಂತೋಷವನ್ನು ಕಡಿಮೆಯಾಗಿಯೂ ಅವರ ಮುಜುಗರವನ್ನು ಹೆಚ್ಚಾಗಿಯೂ ಅಂದಾಜು ಮಾಡುತ್ತಾರೆ. ಬರೆಯುವ ಮನಸ್ಸಿದ್ದೂ ಪೆನ್ನು ಕೆಳಗಿಡುವುದು ಈ ತಪ್ಪು ಲೆಕ್ಕದಿಂದ.

7. ಕೃತಜ್ಞತೆಯ ಲೆಕ್ಕ

ಉತ್ತೇಜನದ ಮರುಮುಖ ಕೃತಜ್ಞತೆ. ಈ ಭಾಗದಲ್ಲಿ ರಾಸ್ ಚರಿತ್ರೆ ನೋವಿನದು. ನೊಬೆಲ್ ಉಪನ್ಯಾಸದಲ್ಲಿ ಅವರು ಮ್ಯಾನ್ಸನ್ ಋಣವನ್ನು ಒಪ್ಪಿಕೊಂಡಿದ್ದರು. ಮುಂದೆ, ಲಿವರ್‌ಪೂಲಿನಲ್ಲಿ ತಾವು ಬಿಟ್ಟ ಹುದ್ದೆಗೆ ಬೇರೊಬ್ಬರನ್ನು ಶಿಫಾರಸು ಮಾಡಿ ಮ್ಯಾನ್ಸನ್ ಬರೆದ ಪತ್ರ ತಮ್ಮನ್ನು ಹೀಗಳೆಯುತ್ತದೆಂದು ಭಾವಿಸಿ ಮಾನಹಾನಿ ಮೊಕದ್ದಮೆಗೇ ಮುಂದಾದರು. 1922ರಲ್ಲಿ ಮ್ಯಾನ್ಸನ್ ತೀರಿಕೊಂಡ ಮೇಲೂ ಕಹಿ ಇಳಿಯಲಿಲ್ಲ. ಆದರೆ ಈ ಕಹಿಯನ್ನೇ ಹಿಡಿದು 1896ರ ಪತ್ರಗಳ ಫಲವನ್ನು ಅಲ್ಲಗಳೆಯುವುದು ತರ್ಕದೋಷ. ಉಪಕಾರ ಆದದ್ದು ಒಂದು ಕಾಲದ ಸತ್ಯ; ಅದನ್ನು ನೆನೆಯದೆ ಹೋದದ್ದು ಇನ್ನೊಂದು ಕಾಲದ್ದು. 1930ರ ರಾಸ್ ಮಾತಿಗಿಂತ 1896ರ ರಾಸ್ ಪತ್ರ ಹೆಚ್ಚು ನಂಬತಕ್ಕ ಸಾಕ್ಷಿ.

ಕನ್ನಡದಲ್ಲಿ ಇದಕ್ಕೆ ಎದುರಾದ ನಿದರ್ಶನ ಎಲ್ಲರಿಗೂ ಗೊತ್ತು. ತಮ್ಮನ್ನು ಹುರಿದುಂಬಿಸಿದ ಟಿ. ಎಸ್. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡ ಮೇಲೂ ಕುವೆಂಪು 1949ರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅವರಿಗೇ ಪದ್ಯರೂಪದ ಅರ್ಪಣೆಯೊಡನೆ ಒಪ್ಪಿಸಿದರು. ಓದಲು ಗುರುವಿಲ್ಲದಾಗ ಬರೆದ ಈ ಕೃತಜ್ಞತೆಯ ಓಲೆ ಕಾವ್ಯದ ಭಾಗವಾಗಿಯೇ ಉಳಿದುಕೊಂಡಿದೆ.

ಅಪ್ಪಯ್ಯನವರ ಲೆಕ್ಕ ಮಾತ್ರ ಇತ್ಯರ್ಥವಾಗಿಲ್ಲ. ಅವರ ಹೆಸರನ್ನೂ ಹುದ್ದೆಯನ್ನೂ ರಾಸ್ ದಾಖಲಿಸಿದ್ದಾರೆ. ಅಷ್ಟರಮಟ್ಟಿಗೆ ಅದು ನ್ಯಾಯ. ಆದರೆ ಉತ್ತೇಜನವೆಲ್ಲ ಲಂಡನ್ನಿನಿಂದಲೇ ಬಂತೆಂದು ಹೇಳಿದರೆ, ಪಕ್ಕದಲ್ಲೇ ನಿಂತು ತೋಳೊಡ್ಡಿದ ಸಹೋದ್ಯೋಗಿಯನ್ನು ಮರೆತಂತಾಗುತ್ತದೆ. ಸೊಳ್ಳೆಯ ಕಡಿತವೇ ರೋಗ ತರುತ್ತದೆಂದು ಶಂಕಿಸುವ ಪ್ರಯೋಗಕ್ಕೆ, ಆ ಶಂಕೆ ಗೊತ್ತಿದ್ದೂ ಮೈಯೊಡ್ಡುವುದಕ್ಕಿಂತ ದೊಡ್ಡ ವಿಶ್ವಾಸದ ಮಾತು ಯಾವ ಪತ್ರದಲ್ಲೂ ಇರಲಾರದು. ಅಂಚೆಯಲ್ಲಿ ಬಂದದ್ದಕ್ಕೆ ದಾಖಲೆ ಉಳಿಯಿತು. ಎದುರಿಗೆ ಆಡಿದ್ದಕ್ಕೆ ಉಳಿಯಲಿಲ್ಲ. ಪತ್ರಗಳನ್ನೇ ಆಧರಿಸಿದ ಈ ಅಧ್ಯಯನಕ್ಕೆ ಈ ಓರೆ ಅನಿವಾರ್ಯ.

8. ಉಪಸಂಹಾರ

ಬೆಂಗಳೂರಿನ ಅವಧಿಗೆ ಸಂಬಂಧಿಸಿದಂತೆ ಮೂರು ಮಾತು ಹೇಳಬಹುದು. ಮ್ಯಾನ್ಸನ್ ಸಿದ್ಧಾಂತದ ನಿರ್ಣಾಯಕ ಭಾಗ ಆ ಹೊತ್ತಿಗೆ ರಾಸ್‌ಗೆ ನೆರವಾಗಲಿಲ್ಲ. ಮ್ಯಾನ್ಸನ್ ಪ್ರಭಾವ ಆ ಹೊತ್ತಿಗೆ ಫಲ ಕೊಟ್ಟಿರಲಿಲ್ಲ. ಹೀಗಿದ್ದೂ ಕೆಲಸ ಮುಂದುವರಿದದ್ದರಲ್ಲಿ ಪತ್ರಗಳ ಉತ್ತೇಜನಕ್ಕೆ ಗಣನೀಯ ಪಾಲಿದೆ. ಆ ಪಾಲು ಎಷ್ಟು, ರಾಸ್ ಅವರ ಹಟದ ಪಾಲು ಎಷ್ಟು, ಅಪ್ಪಯ್ಯನವರಂಥ ಸಂಗಾತಿಗಳದ್ದು ಎಷ್ಟು ಎಂಬುದು ಇನ್ನೂ ತೆರೆದ ಪ್ರಶ್ನೆ. ಒಂದೇ ನಿದರ್ಶನದಿಂದ ಸಾಮಾನ್ಯ ನಿಯಮ ಹೊರಡಿಸುವುದೂ ಸಾಧ್ಯವಿಲ್ಲ.

ಈ ಪ್ರಶ್ನೆಗೆ ಉತ್ತರ ಸ್ಥಳೀಯವಾಗಿ ಹುಡುಕಬೇಕಾದದ್ದು. ಕಂಟೋನ್ಮೆಂಟಿನ ಆಸ್ಪತ್ರೆ, ಶಾಲೆ, ಕಚೇರಿಗಳಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಶಿವಾಜಿನಗರ, ಹಲಸೂರುಗಳಿಂದ ಇಂದಿರಾನಗರ, ಬಾಣಸವಾಡಿ, ಕಲ್ಯಾಣ ನಗರಗಳಿಗೆ ಮನೆ ಬದಲಿಸಿದ್ದಾರೆ. ಅವರ ಟ್ರಂಕುಗಳಲ್ಲಿ ಹಳೆಯ ಪತ್ರಗಳಿದ್ದರೆ ಗುಜರಿಗೆ ಹಾಕದೆ ಯಾವುದಾದರೂ ಪತ್ರಾಗಾರಕ್ಕೆ ಒಪ್ಪಿಸಬೇಕೆಂದು ವಿನಂತಿ. ಸಂಶೋಧನಾ ಮಾರ್ಗದರ್ಶಕರಿಗೂ ಒಂದು ಮಾತು: ಶಿಷ್ಯನ ಪ್ರಬಂಧ ಒಪ್ಪಿತವಾದ ದಿನ ಅಭಿನಂದಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಪ್ರಯೋಗ ಸೋತ ವಾರದಲ್ಲಿ ನಾಲ್ಕು ಸಾಲು ಬರೆಯಿರಿ.